ಬಾಟಲಿಯೊಳಗಿನ ಎಲೆಗಳು

ಸತ್ತವರು ಮನೆಗೆ ಬಂದು ಹೋಗುತ್ತಾರೆ ಎಂಬ ಮಾತನ್ನು ನಾನು ನಂಬಿದವನಲ್ಲ. ನನ್ನ ಹೆಂಡತಿ ಸರಸ ಅಂಥ ಮಾತಿಗೆ ನಕ್ಕೇಬಿಡುತ್ತಿದ್ದಳು. ಮೈಸೂರಿನಲ್ಲಿ ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಎಪ್ಪತ್ತರ ದಶಕದಲ್ಲಿ ನ್ಯೂಜೆರ್ಸಿಗೆ ಬಂದಮೇಲೆ ಅವಳಿಗೆ ಉಳಿದ ವಿದ್ಯಾರ್ಥಿ ನಾನೊಬ್ಬನೇ.

ಅಲ್ಲಿಯ ಚಳಿಗಾಲದ ಒಣ ಹವೆಯಲ್ಲಿ ಕಾರ್ಪೆಟ್ ಮೇಲೆ ನಡೆದು ಬಂದು ಯಾರನ್ನು ಮುಟ್ಟಿದರೂ ಚುರ್ರೆಂದು ಕಿಡಿ ಹಾರುತ್ತಿತ್ತು. "ರೀ, ಮೊದಲು ನಲ್ಲಿ ಮುಟ್ಟಿ, ಮೈಮೇಲಿನ ಚಾರ್ಜ್ ಅಲ್ಲೇ ಇಳೀಲಿ, ಆಮೇಲೆ ನನ್ನ ಹತ್ರ ಬನ್ನಿ. ನಮ್ಮಜ್ಜಿ ಮಡೀನೇ ವಾಸಿ ಇತ್ತು!" ಎನ್ನುತ್ತಿದ್ದಳು. ಅದೇ ನಮ್ಮ ಮನೆಯ ಪದ್ಧತಿಯಾಯಿತು.

ಜಾಮ್ ಬಾಟಲಿಯಲ್ಲಿ ಅವಳೊಂದು ಉಪಕರಣ ಮಾಡಿದ್ದಳು. ಪ್ಲಾಸ್ಟಿಕ್ ಮುಚ್ಚಳದ ಮೂಲಕ ಒಳಗಿಳಿದ ತಂತಿ, ಅದರ ತುದಿಗೆ ಬೆಳ್ಳಿಕಾಗದದ ಎರಡು ಎಲೆ. ತಲೆ ಬಾಚಿದ ಬಾಚಣಿಗೆಯನ್ನು ತಂತಿಯ ಬಳಿ ತಂದರೆ, ಮುಟ್ಟಿಸದೆಯೇ, ಎಲೆಗಳು ತೆರೆದುಕೊಳ್ಳುತ್ತಿದ್ದವು. "ಚಾರ್ಜ್ ಇಲ್ಲ ಅಂದ್ರೆ ಒಳಗೆ ಏನೂ ಇಲ್ಲ ಅಂತಲ್ಲ ರೀ. ಪ್ಲಸ್ಸು, ಮೈನಸ್ಸು ಎರಡೂ ಸಮ ಇದೆ ಅಂತ. ಹತ್ರ ಬಂದ್ರೆ ಸಾಕು, ಗೊತ್ತಾಗಿಬಿಡುತ್ತೆ." ಬಾಚಣಿಗೆ ಅಲ್ಲೇ ಇರುವಾಗ ನಾನು ತಂತಿ ಮುಟ್ಟಿದರೆ ಎಲೆಗಳು ಮುಚ್ಚುತ್ತಿದ್ದವು. ಬೆರಳು ತೆಗೆದ ಮೇಲೆ ಬಾಚಣಿಗೆಯನ್ನು ದೂರ ಒಯ್ದರೆ ಮತ್ತೆ ತೆರೆಯುತ್ತಿದ್ದವು. ಬೇಸಿಗೆಯ ತೇವದ ಸೆಕೆಯಲ್ಲಿ ಮಾತ್ರ ಏನು ಮಾಡಿದರೂ ಅಲುಗುತ್ತಿರಲಿಲ್ಲ. "ಈಗ ಇದಕ್ಕೆ ರಜಾ" ಎನ್ನುತ್ತಿದ್ದಳು.

ಅವಳು ತೀರಿಕೊಂಡದ್ದು ಏಪ್ರಿಲ್‌ನಲ್ಲಿ. ಆಗಸ್ಟ್‌ನಲ್ಲಿ ನಾನು ಮನೆ ಖಾಲಿ ಮಾಡಬೇಕಾಯಿತು. ಅವಳನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದೇನೆ ಎಂಬ ಸಂಕಟದಲ್ಲೇ ಸಾಮಾನು ಕಟ್ಟಿದೆ.

ಕೊನೆಯ ಸಂಜೆ. ಗೋಡೆಯೂ ಬೆವರುವಂಥ ಸೆಕೆ. ಕಿಟಕಿಯಲ್ಲಿದ್ದ ಬಾಟಲಿಯನ್ನು ತೆಗೆದುಕೊಳ್ಳಲು ಹೋದರೆ ಎಲೆಗಳು ತೆರೆದಿದ್ದವು. ಹಳೆಯ ರೂಢಿಯಂತೆ ಹೋಗಿ ನಲ್ಲಿ ಮುಟ್ಟಿ ಬಂದೆ. ಆಗಲೂ ತೆರೆದೇ ಇದ್ದವು. ತಂತಿಯ ಮೇಲೆ ಬೆರಳಿಟ್ಟೆ, ಮುಚ್ಚಿಕೊಂಡವು. ಬೆರಳು ತೆಗೆದು ಸುಮ್ಮನೆ ನಿಂತೆ. ಎಲೆಗಳು ಸ್ವಲ್ಪ ಹೊತ್ತು ಮುಚ್ಚಿಯೇ ಇದ್ದು, ನಿಧಾನವಾಗಿ ಮತ್ತೆ ತೆರೆದವು.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯ ರಾಯರು, "ಆ ಸೆಕೆಯಲ್ಲಿ ಸಾಧ್ಯವೇ ಇಲ್ಲ ಮಾರಾಯ್ರೆ. ನಿಮ್ಮ ಕಣ್ಣು ಮಂಜಾಗಿದ್ದಿರಬೇಕು" ಎಂದರು. ಮಂಜಾಗಿದ್ದುದು ನಿಜ. ನಾನು ಕಂಡದ್ದು ಏನೆಂದು ಇಂದಿಗೂ ಹೇಳಲಾರೆ.

ಆದರೆ ಬೆರಳು ಮುಟ್ಟಿ ಮುಚ್ಚಿದ ಎಲೆಗಳು ಮತ್ತೆ ತೆರೆಯುವುದು ಹತ್ತಿರವಿದ್ದ ಬಾಚಣಿಗೆ ದೂರ ಸರಿದಾಗ ಎಂಬುದನ್ನು ಅವಳು ಎಷ್ಟೋ ಸಲ ತೋರಿಸಿದ್ದಳು. ಮರುದಿನ ಬೀಗದ ಕೈ ಕೊಟ್ಟು ಹೊರಟಾಗ ಅವಳನ್ನು ಬಿಟ್ಟು ಹೋಗುತ್ತಿದ್ದೇನೆ ಅನ್ನಿಸಲಿಲ್ಲ. ಆ ಮನೆಯಿಂದ ಮೊದಲು ಹೊರಟವಳು ಅವಳೇ.