ಕೈ ತೊಳೆಯದ ದಿನಗಳು

ಮಳವಳ್ಳಿ ಕಡೆಯ ನಮ್ಮೂರಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಜೊತೆಗಿರಲು ನಾನು ಹೋದೆ. ಪಕ್ಕದ ಮಂಚದಲ್ಲಿ ಮದ್ದೂರು ಕಡೆಯ ಒಬ್ಬ ಅಜ್ಜಿ; ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ಅವರ ಮಗಳು ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸದವಳು, ಶಿಫ್ಟು ಮುಗಿಸಿಯೇ ಬರಬೇಕು.

ನಮ್ಮ ಕಡೆ ಮೊದಲ ದಿನವೇ ಊರು, ಮನೆತನ ವಿಚಾರಿಸದಿದ್ದರೆ ಉಂಡದ್ದು ಅರಗುವುದಿಲ್ಲ. ಅವ್ವ ಮಲಗಿದ್ದಲ್ಲಿಂದಲೇ ಕೇಳಿದಳು.

"ನಾವು ಕೇರಿಯೋರು ಕಣವ್ವ," ಎಂದಳು ಮಗಳು, ನೇರವಾಗಿ.

ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಕೇರಿಯವರು ನಮ್ಮ ಜಗಲಿಯಿಂದ ಎದ್ದು ಹೋದ ಮೇಲೆ ಆ ಜಾಗಕ್ಕೆ ನೀರು ಹಾಕುತ್ತಿದ್ದವಳು ಅವಳು. ನನಗೆ ನಾಚಿಕೆಯಾಯಿತು.

ಆ ನಾಚಿಕೆಯಲ್ಲೇ ಅಜ್ಜಿಯ ಕೆಲಸಕ್ಕೆ ನಿಂತೆ. ಮಗಳು ಬರುವತನಕ ಗಂಜಿ ಕುಡಿಸಿದೆ, ಮಗ್ಗುಲು ಬದಲಿಸಿದೆ, ಸಡಿಲವಾದ ಬ್ಯಾಂಡೇಜು ಸರಿ ಮಾಡಿದೆ. ಎರಡು ಮಂಚಗಳ ನಡುವೆ ಸ್ಯಾನಿಟೈಜರ್ ಬಾಟಲಿಯಿತ್ತು. "ಒಬ್ರುನ್ನ ಮುಟ್ಟಿ ಇನ್ನೊಬ್ರುನ್ನ ಮುಟ್ಟೋ ಮುಂಚೆ ಕೈಗೆ ಹಾಕ್ಕಳಿ ಅಕ್ಕ," ಎಂದು ನರ್ಸು ದಿನಾ ಹೇಳುತ್ತಿದ್ದಳು. ಅಜ್ಜಿಯ ಕಣ್ಣೆದುರು ಅದನ್ನು ಒತ್ತುವುದು ನನ್ನಿಂದಾಗಲಿಲ್ಲ. ಅವರನ್ನು ಮುಟ್ಟಿದ ಮೈಲಿಗೆ ಕಳೆದುಕೊಂಡಂತೆ ಕಂಡುಬಿಟ್ಟರೆ? ಹಾಗಾಗಿ ಹೋಗುವಾಗಲೂ ಬರುವಾಗಲೂ ಬಾಟಲಿಯ ಗೊಡವೆಗೇ ಹೋಗಲಿಲ್ಲ. ನಾನು ಅವ್ವನಂಥವಳಲ್ಲ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಐದನೇ ದಿನ ಅವ್ವನ ಹೊಲಿಗೆಯಲ್ಲಿ ಕೀವು ಕಾಣಿಸಿತು. ಅದನ್ನು ನಾನೇ ಒರೆಸಿದೆ. ಅಷ್ಟರಲ್ಲಿ ಅಜ್ಜಿ ಕರೆದರು, ಅದೇ ಕೈಯಲ್ಲಿ ಹೋದೆ. ಕೀವಿನ ಪರೀಕ್ಷೆಯಲ್ಲಿ, ಸಾಮಾನ್ಯ ಆಂಟಿಬಯೋಟಿಕ್ ಯಾವುದಕ್ಕೂ ಬಗ್ಗದ, ಆಸ್ಪತ್ರೆಗಳಲ್ಲೇ ಪಳಗಿದ ಬ್ಯಾಕ್ಟೀರಿಯಾ ಸಿಕ್ಕಿತು. ಅವ್ವನನ್ನು ಬೇರೆ ಕೋಣೆಗೆ ಹಾಕಿದರು. ವಾರದೊಳಗೆ ಅಜ್ಜಿಯ ಹುಣ್ಣಿನಲ್ಲೂ ಅದೇ ಸಿಕ್ಕಿತು. ಅದಕ್ಕೆ ಬಗ್ಗುವ ಮದ್ದು ಒಂದೇ ಉಳಿದಿತ್ತು, ಇಬ್ಬರಿಗೂ ಅದೇ ಇಂಜೆಕ್ಷನ್ ಕೊಟ್ಟರು; ಅವ್ವನ ಗಾಯ ಮಾಯಿತು. ಅಜ್ಜಿಯ ಕಿಡ್ನಿ ಅದನ್ನು ತಡೆಯಲಿಲ್ಲ, ನಿಲ್ಲಿಸಬೇಕಾಯಿತು. ಸೋಂಕು ರಕ್ತಕ್ಕೇರಿ ತೀರಿಕೊಂಡರು.

"ಯಾರಿಂದ ಯಾರಿಗೆ ಬಂತು ಅಂತ ಹೇಳೋಕಾಗಲ್ಲಮ್ಮ," ಎಂದರು ಡಾಕ್ಟರು, ನಾನು ಕೇಳಿದಾಗ. ಆ ಮಾತಿನ ಮರೆಯಲ್ಲಿ ಸ್ವಲ್ಪ ದಿನ ಅವಿತುಕೊಂಡೆ. ಆದರೆ ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಹೊತ್ತುಕೊಂಡು ಹೋದದ್ದು ನನ್ನ ಕೈಯೇ.

ತಿಂಗಳಾದ ಮೇಲೆ, ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಳ್ಳಬೇಕೆಂದು ಮದ್ದೂರಿನ ಬಸ್ಸು ಹತ್ತಿದೆ. ಮಗಳು ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದುಕೊಂಡಳು.

"ನಮ್ಮವ್ವ ಸಾಯೋಗಂಟ ನಿಮ್ದೇ ಮಾತು ಕಣಕ್ಕ. 'ಆಯಮ್ಮ ನನ್ನ ಮುಟ್ಬುಟ್ಟು ಒಂದ್ ದಿವ್ಸಾನೂ ಕೈ ತೊಳ್ಕಳ್ನಿಲ್ಲ ಕಣ್ ಮಗಾ,' ಅಂತಿದ್ಲು."

ಕೈ ಬಿಡಿಸಿಕೊಳ್ಳಲಾಗಲಿಲ್ಲ. ಹೇಳಲು ಹೋದದ್ದನ್ನು ಹೇಳದೆ, ಕಾಫಿ ಕುಡಿದು ಬಂದೆ.