ಎಂಟು ಮೂಲೆಯ ನಕ್ಷತ್ರವೂ ಭಾವನ ಬೋಳುತಲೆಯೂ

ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ನನ್ನ ಭಾವನಿಗೆ ‘ಕೂದಲೆಳೆ’ ಎಂದು ಹೆಸರು. ತಲೆಯ ಮೇಲೆ ಒಂದೂ ಇಲ್ಲದವರಿಗೆ ಈ ಹೆಸರೇಕೆ ಎನ್ನುತ್ತೀರೋ? ಮೂವತ್ತೊಂದು ವರ್ಷ ಅವರು ಅಚ್ಚಿನ ಅಲಗು ಒತ್ತಿ ಕತ್ತರಿಸುವ ಡೈ ಯಂತ್ರದ ಮುಂದೆ ನಿಂತು ರಟ್ಟು ಕತ್ತರಿಸಿದವರು. ಪೆಟ್ಟಿಗೆಯ ಕಿವಿ ಕೂದಲೆಳೆಯಷ್ಟು ಓರೆಯಾದರೂ ಇಡೀ ಕಟ್ಟನ್ನೇ ವಾಪಸು ಎಸೆಯುತ್ತಿದ್ದರು.

ಇಂಥ ಮಹಾರಥಿ ನಿವೃತ್ತರಾಗಿ ಮನೆ ಸೇರಿದರೆ ಏನಾಗಬೇಕೋ ಅದೇ ಆಯಿತು. ಮೊದಲ ವಾರ ಅಕ್ಕ ಹೆಚ್ಚಿದ ಕ್ಯಾರೆಟ್ಟಿಗೆ ಅಳತೆಪಟ್ಟಿ ಇಟ್ಟರು. ಎರಡನೆಯ ವಾರ ಅಕ್ಕ ಕೌದಿ ಹೊಲಿಯುವ ಕೋಣೆಗೆ ನುಗ್ಗಿದರು.

“ಈ ಮೂಲೆಗಳು ಒಂದಕ್ಕೊಂದು ಮಾತು ಬಿಟ್ಟಿವೆಯೇನೇ?”

“ಮೂಲೆ ಕೂಡಲಿಲ್ಲ ಅಂದ್ರೆ ಚಳಿ ಒಳಗೆ ಬರುತ್ತೇನ್ರೀ?”

ಮೂರನೆಯ ವಾರ ಭಾವನ ಕುರ್ಚಿ ವರಾಂಡಕ್ಕೆ ಬಿತ್ತು. ಕೋಣೆಗೆ ಒಳಚಿಲಕ ಬಿತ್ತು.

ಆದರೆ ಅಕ್ಕನಿಗೂ ಒಂದು ಕಂಟಕವಿತ್ತು. ಹೊಸ ಕೌದಿಯ ನಡುವೆ ಎಂಟು ಮೂಲೆಯ ನಕ್ಷತ್ರ ಕೂರಿಸಬೇಕು, ಅದೂ ನಮ್ಮ ಅಮ್ಮನ ನೀಲಿ ಅಂಗಿಯಿಂದ. ಅಮ್ಮ ಹೋಗಿ ಎರಡು ವರ್ಷ. ಅಂಗಿಯಲ್ಲಿ ಸವೆದದ್ದು ಬಿಟ್ಟು ಉಳಿದದ್ದು ಸರಿಯಾಗಿ ಎಂಟು ತುಂಡಿಗೆ ಸಾಕು. ಒಂಬತ್ತನೆಯದಕ್ಕೆ ಜಗತ್ತಿನಲ್ಲೇ ಬಟ್ಟೆಯಿಲ್ಲ. ನಾಲ್ಕು ತಿಂಗಳಿಂದ ಅಕ್ಕ ಕತ್ತರಿ ಹಿಡಿದು ಅದರೆದುರು ಕೂರುವುದು, ಮಡಿಸಿ ಒಳಗಿಡುವುದು, ಇದೇ ಆಗಿತ್ತು.

ನಾನು ಹೋಗಿದ್ದ ಭಾನುವಾರ ಭಾವ ವರಾಂಡದಲ್ಲಿ ಒಂದು ಪೆಟ್ಟಿಗೆ ಬಿಚ್ಚುತ್ತಿದ್ದರು. ಕಾರ್ಖಾನೆಯವರು ಬೀಳ್ಕೊಡುಗೆಗೆ ಗಡಿಯಾರ ಕೊಡಲು ಬಂದರೆ, ಬೇಡವೆಂದು ಹಟ ಹಿಡಿದು, ಬಟ್ಟೆ ಕತ್ತರಿಸುವ ಪುಟ್ಟ ಡೈ ಯಂತ್ರವನ್ನೇ ತರಿಸಿಕೊಂಡಿದ್ದರು!

“ರೀ, ಅದು ರಟ್ಟಲ್ಲ, ಬಟ್ಟೆ,” ಎಂದಳು ಅಕ್ಕ.

“ಎರಡೂ ಕತ್ತರಿಸಿಕೊಳ್ಳೋಕೇ ಹುಟ್ಟಿರೋದು ಕಣೇ.”

“ಹಾಗಾದ್ರೆ ಹಳೇ ಬೆಡ್‌ಶೀಟ್ ಮೇಲೆ ನಿಮ್ಮ ಪರಾಕ್ರಮ ತೋರಿಸಿ. ನಕ್ಷತ್ರ ಮೇಜಿನ ಮೇಲೆ ಚಪ್ಪಟೆ ಮಲಗಿದ್ರೆ ಅಮ್ಮನ ಅಂಗಿ ಕೊಡ್ತೀನಿ. ಇಲ್ಲಾಂದ್ರೆ ನೀವೂ ನಿಮ್ಮ ಯಂತ್ರವೂ ವರಾಂಡದಲ್ಲೇ ಸಂಸಾರ ಮಾಡಿ.”

ರಣಕಹಳೆಯೊಂದೇ ಬಾಕಿ. ವಜ್ರಾಕೃತಿಯ ಅಲಗೊಂದಿದ್ದ ಡೈ ಹಲಗೆಯ ಮೇಲೆ ಭಾವ ಹತ್ತು ಪದರ ಬೆಡ್‌ಶೀಟ್ ಹೇರಿದರು. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಎರಡು ಉರುಳೆಗಳ ನಡುವೆ ತೂರಿಸಿ ಹಿಡಿ ತಿರುಗಿಸಿದರು. ಯಂತ್ರ ಅರ್ಧದಲ್ಲೇ ಗಂಟಲಿಗೆ ಮುಳ್ಳು ಸಿಕ್ಕವರಂತೆ ನರಳಿ ನಿಂತಿತು.

“ಹತ್ತು ಜನಾನ ಒಂದೇ ಬಾಗಿಲಲ್ಲಿ ನೂಕಿದ್ರೆ ಇನ್ನೇನಾಗುತ್ತೆ?” ಅಕ್ಕ ನಕ್ಕಳು.

ಭಾವ ನಾಲ್ಕು ಪದರಕ್ಕೆ ಇಳಿದರು. ಈಗ ಹಿಡಿ ಬೆಣ್ಣೆಯಲ್ಲಿ ಆಡಿದಂತೆ ಆಡಿತು. ಎರಡೇ ಸಲಕ್ಕೆ ಬ್ಲೇಡಿನಂಥ ಅಂಚಿನ ಎಂಟು ತುಂಡುಗಳು! ಅಕ್ಕನ ಮುಖದಲ್ಲೂ ಆಸೆ ಮೂಡಿತು. ಕೂತವಳೇ ಸರಸರ ಹೊಲಿದಳು. ಮೇಜಿನ ಮೇಲೆ ಹರಡಿದರೆ, ನಕ್ಷತ್ರದ ನಡು ಗುಡ್ಡದಂತೆ ಎದ್ದಿತ್ತು. ಭಾವ ಅಂಗೈಯಿಂದ ಒತ್ತಿದರು. ಕೈ ತೆಗೆದೊಡನೆ ಅದು ಮತ್ತೆ ಎದ್ದಿತು. ಅಕ್ಕ ಅದನ್ನೆತ್ತಿ ಅವರ ಬೋಳುತಲೆಗೆ ಇಟ್ಟಳು. ದರ್ಜಿ ಅಳತೆ ತೆಗೆದು ಹೊಲಿದ ಟೊಪ್ಪಿಗೆಯಂತೆ ಕೂತುಬಿಟ್ಟಿತು! ನಕ್ಕು ನಕ್ಕು ನನಗೆ ಬಿಕ್ಕಳಿಕೆ ಹತ್ತಿತು.

ಭಾವ ನಗಲೂ ಇಲ್ಲ, ಟೊಪ್ಪಿಗೆ ತೆಗೆಯಲೂ ಇಲ್ಲ. ಬೆಡ್‌ಶೀಟಿನಿಂದ ಇನ್ನೊಂದು ತುಂಡು ಕತ್ತರಿಸಿ ಡೈ ಮೇಲಿಟ್ಟು ಬಗ್ಗಿ ನೋಡಿದರು. “ಅಡ್ಡಗಲ ಕೂದಲೆಳೆಯಷ್ಟು ಕಡಿಮೆ. ಡೈ ಸುಳ್ಳು ಹೇಳಲ್ಲ. ಬಟ್ಟೆ ಹೇಳಿದೆ.”

“ಹೇಳದೆ ಇನ್ನೇನು? ಇಲ್ನೋಡಿ.” ಅಕ್ಕ ಬೆಡ್‌ಶೀಟನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎಳೆದು ತೋರಿಸಿದಳು. “ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿರ್ತಾರಲ್ಲ, ಆ ಹಾಸು ನೂಲು ಜಪ್ಪಯ್ಯ ಅಂದ್ರೂ ಹಿಗ್ಗಲ್ಲ. ಅಡ್ಡ ಹೋಗೋ ಹೊಕ್ಕು ನೂಲು ಎಳೆದಷ್ಟು ಬರುತ್ತೆ. ನೀವು ಅದನ್ನೇ ಉರುಳೆ ಬಾಯಿಗೆ ಕೊಟ್ರಿ.”

ಭಾವ ಹಣೆ ಚಚ್ಚಿಕೊಂಡರು. “ರಟ್ಟಿನ ನಾರು! ನಾರು ಯಾವ ಕಡೆ ಅಂತ ಬಗ್ಗಿಸಿ ನೋಡ್ದೆ ಒಂದು ಹಾಳೆನೂ ಒಳಗೆ ಬಿಟ್ಟವನಲ್ಲ ನಾನು. ಬಟ್ಟೆ ತಾನೇ ಅಂತ ಸಸಾರ ಮಾಡಿದೆ!”

ಆಗಿದ್ದು ಇಷ್ಟೇ. ಉರುಳೆ ಎಳೆದಾಗ ಹಿಗ್ಗಿದ ಬಟ್ಟೆ, ಕತ್ತರಿಸಿದ ಮೇಲೆ ಕುಗ್ಗಿ, ತುಂಡುಗಳು ಸಣಕಲಾಗಿದ್ದವು. ಎಂಟು ಸಣಕಲುಗಳು ಸುತ್ತು ತುಂಬಲಾರದೆ ನಡುವನ್ನು ಎತ್ತಿ ಹಿಡಿದಿದ್ದವು. ಈ ಸಲ ಹಾಸು ನೂಲನ್ನು ಉರುಳೆಯ ದಾರಿಗೆ ಇಟ್ಟರು. ಬೆಡ್‌ಶೀಟಿನ ಎರಡನೆಯ ನಕ್ಷತ್ರ ಮಿಸುಕದೆ ಮಲಗಿತು.

ಅಕ್ಕ ಅಮ್ಮನ ಅಂಗಿ ತಂದಳು. ನೇಯ್ಗೆಯ ಅಂಚು ಉಳಿಯದ ಬಟ್ಟೆ, ಹಾಸು ಯಾವುದೆಂದು ಕಣ್ಣಿಗೆ ಕಾಣದು. ಎಳೆದೆಳೆದು ನೋಡಿ ಹಾಸು ಗುರುತಿಸಿದಳು. ಹಿಗ್ಗದಿರಲೆಂದು ಗಂಜಿ ಹಾಕಿ ಇಸ್ತ್ರಿ ಮಾಡಿ, ಹಾಸಿನುದ್ದಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದಳು. ಭಾವ ಎರಡೇ ಪದರ ಇಟ್ಟು, ಗೆರೆ ಸರಿನೋಡಿ, ಹಿಡಿಗೆ ಕೈಹಾಕಿದರು. ತಿರುಗಿಸಲಿಲ್ಲ.

“ಏನಾಯ್ತು, ಮಹಾರಾಜರೇ?”

“ಇದು ತಪ್ಪಿದ್ರೆ ಇನ್ನೊಂದಿಲ್ಲ ಕಣೇ.”

ಅಕ್ಕ ಅವರ ಕೈಮೇಲೆ ತನ್ನ ಕೈ ಇಟ್ಟಳು. ಹಿಡಿ ತಿರುಗಿತು. ನಾಲ್ಕು ಸಲ ಹಲಗೆ ಒಳಗೆ ಹೋಗಿ ಹೊರಗೆ ಬಂತು. ಎಂಟು ನೀಲಿ ತುಂಡುಗಳು!

ಹೊಲಿದಾದ ಮೇಲೆ ಅಕ್ಕ ಅಡುಗೆಮನೆಯಿಂದ ಒಂದು ಬಟಾಣಿ ಕಾಳು ತಂದು ನಕ್ಷತ್ರದ ನಟ್ಟನಡುವೆ ಇಟ್ಟಳು. ಎಂಟು ಮೊನೆ ಒಂದೇ ಚುಕ್ಕಿಯಲ್ಲಿ ಕೂಡಿದ ಜಾಗದಲ್ಲಿ ಬಟಾಣಿ ಅಲ್ಲಾಡದೆ ನಿಂತಿತು. ಅಕ್ಕ ಮೂಗೆಳೆದು, “ರೀ, ಕುರ್ಚಿ ಒಳಗೆ ತನ್ನಿ,” ಎಂದಳು.

ಟೊಪ್ಪಿಗೆ ಸಮೇತ ಓಡಿದರು ಭಾವ. ಕುರ್ಚಿ ಹೊತ್ತು ತಂದು ಹೊಸ್ತಿಲಲ್ಲಿ ನಿಂತು, “ಎಷ್ಟು ದೂರದಲ್ಲಿ ಇಡ್ಲೇ?” ಎಂದು ಕೇಳಿದರು.

“ನನ್ನ ಹಳೇ ಕೌದಿಗಳ ಮೂಲೆ ಕಾಣದಷ್ಟು ದೂರ.”