ಬಂಡೂರು ಟಗರಿಗೆ ನಾನು ತಿನ್ನಿಸಿದ ಅನ್ನ

ಜಯಮ್ಮ, ಏಳು ವರ್ಷದ ಹಿಂದೆ ಮಂಡ್ಯದ ಕೃಷಿ ಮೇಳದಲ್ಲಿ ನಿಮ್ಮ ಟಗರನ್ನು ಕೊಂದವಳು ನಾನು. ರೋಗವಲ್ಲ, ಯಾರ ದೃಷ್ಟಿಯೂ ಅಲ್ಲ, ನೀವು ಹಾಕಿದ ಮೇವೂ ಅಲ್ಲ— ನಾನು.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ತಂಗಿಯ ಜೊತೆ ವಿಜಯಪುರದಿಂದ ಮೈಸೂರು ನೋಡಲು ಹೊರಟವಳು, ರೈಲಿನಲ್ಲಿ ಮೇಳದ ಸುದ್ದಿ ಕೇಳಿ ಮಂಡ್ಯದಲ್ಲೇ ಇಳಿದುಬಿಟ್ಟೆ. ನಮ್ಮ ಕಡೆಯ ಉದ್ದ ಕಾಲಿನ ಕುರಿ ಕಂಡವಳಿಗೆ ನಿಮ್ಮ ಗಿಡ್ಡನೆಯ, ದುಂಡು ಮೈಯ ಬಂಡೂರು ಟಗರನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಹುಟ್ಟಿದ ವಾರಕ್ಕೇ ತಾಯಿ ಸತ್ತ ಮರಿ ಅದು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು ಅಂದಿರಿ. ಮಳವಳ್ಳಿ ಹತ್ತಿರದ ನಿಮ್ಮ ಊರಿನ ಹೆಸರನ್ನೂ ಹೇಳಿದಿರಿ.

ಮಧ್ಯಾಹ್ನ ನೀವು ಊಟಕ್ಕೆ ಹೊರಟಾಗ ನಾನೇ ಮುಂದಾಗಿ ಹಗ್ಗ ಹಿಡಿದೆ.

"ಏನೂ ತಿನ್ನಿಸ್ಬ್ಯಾಡಿ ಅಕ್ಕ. ನಾಳಿಕ್ಕೆ ಸ್ಪರ್ಧೆ ಐತೆ. ಈಗ್ಲೇ ಬಂದ್ಬುಡ್ತೀನಿ" ಅಂದಿರಿ.

ತಂಗಿ ನನಗೂ ಊಟದ ತಟ್ಟೆ ತಂದುಕೊಟ್ಟಳು. ನಾನು ತಿನ್ನುತ್ತಿದ್ದಂತೆ ಟಗರು ತಟ್ಟೆಗೆ ಮೂತಿ ಚಾಚಿತು. ಒಂದು ತುತ್ತು ಕೊಟ್ಟೆ— ಒಂದೇ ತುತ್ತಿಗೆ ನಿಲ್ಲಿಸಿದ್ದರೆ... ಸುತ್ತ ಜನ ಸೇರಿದರು, ಫೋಟೊ ತೆಗೆದರು. ಯಾರೋ, "ಪರವೂರಮ್ಮನ್ಗೂ ಟಗರು ಎಂಗೆ ಒಗ್ಕೊಂಡೈತೆ ನೋಡ್ಲಾ" ಅಂದರು. ಆ ಮಾತು ನನಗೆ ಹಿತವಾಯಿತು. ನನ್ನ ತಟ್ಟೆ ಮುಗಿಯಿತು, ತಂಗಿಯದು ಮುಗಿಯಿತು. ಆಮೇಲೆ ಜನ ಕೊಟ್ಟ ಇನ್ನೂ ನಾಲ್ಕು ತಟ್ಟೆ ಅನ್ನ. ನೀವು ಬರುವುದು ದೂರದಿಂದ ಕಂಡಾಗ ತಟ್ಟೆಗಳನ್ನು ಕಸದ ಬುಟ್ಟಿಗೆ ಎಸೆದು, ಟಗರಿನ ಬಾಯಿಯನ್ನು ಸೆರಗಿನಿಂದ ಒರೆಸಿದೆ. ತಪ್ಪೆಂದು ಗೊತ್ತಿಲ್ಲದವಳು ಬಾಯಿ ಒರೆಸುವಳೇ?

ಮರುದಿನ ಸ್ಪರ್ಧೆ ನೋಡಲು ಬಂದರೆ ಅದು ಮಲಗಿತ್ತು. ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತಿತ್ತು. ಪಶುವೈದ್ಯರು ಕೇಳಿದರು: "ಅನ್ನ, ಕಾಳು ಏನಾದ್ರೂ ಜಾಸ್ತಿ ತಿಂದಿದೆಯಾ? ಹಾಗಿದ್ರೆ ಬೇರೆಯೇ ಚಿಕಿತ್ಸೆ ಕೊಡಬೇಕು."

ನೀವು ನನ್ನತ್ತ ತಿರುಗಿದಿರಿ. "ಅಕ್ಕ, ನಾ ಇಲ್ದಾಗ ಯಾರಾರ ಏನಾರ ಆಕಿದ್ರಾ?"

ತಂಗಿ ನನ್ನ ಮುಖ ನೋಡಿದಳು. ನಾನು ಅವಳ ಕೈ ಹಿಸುಕಿದೆ.

"ಇಲ್ರೀ. ನಾ ಇಲ್ಲೇ ಇದ್ದೆ. ಯಾರೂ ಏನೂ ಹಾಕಿಲ್ರಿ."

ವೈದ್ಯರು ನನ್ನ ಮಾತು ನಂಬಿ ಬೇರೇನೋ ಸೂಜಿ ಹಾಕಿದರು. ಮಧ್ಯಾಹ್ನಕ್ಕೆ ಮುಂಚೆ ಟಗರು ಸತ್ತಿತು. ಅಷ್ಟರಲ್ಲಿ ಊರಿಂದ ಬಂದಿದ್ದ ನಿಮ್ಮ ಯಜಮಾನರು ಎಲ್ಲರೆದುರು ಹೇಳಿದರು: "ಬ್ಯಾಡ ಅಂದ್ರೂ ಮೇಳ ಅಂತ ಕುಣ್ಕಂಡ್ ಬಂದೆ. ಮೈ ತುಂಬ್ಕಳ್ಲಿ ಅಂತ ಸಿಕ್ಕಿದ್ದೆಲ್ಲ ತಿನ್ನಿಸಿ ಸಾಯಿಸ್ಬುಟ್ಟೆ ಕಣಮ್ಮಿ."

ನೀವು, "ನಂದೇ ತಪ್ಪು ಬುಡಿ. ಕಡ್ಲೆಕಾಯ್ ಇಂಡಿ ಒಂದಿಡಿ ಜಾಸ್ತಿ ಆಯ್ತೇನೋ" ಅಂದಿರಿ. ಮಾಡದ ತಪ್ಪನ್ನು ಹುಡುಕಿ ಹುಡುಕಿ ನಿಮ್ಮ ಮೇಲೆ ಹಾಕಿಕೊಂಡಿರಿ— ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಹೊರಡುವಾಗ ನೀವು ನನ್ನ ಕೈ ಹಿಡಿದು, "ನೀವಾರ ನೋಡ್ಕಂಡ್ರಲ್ಲ ಅಕ್ಕ" ಅಂದಿರಿ.

ಊರಿಗೆ ಮರಳಿ, ಯಾರದೋ ಕುರಿಯ ಸಂಗತಿ ಅನ್ನುವಂತೆ ನಮ್ಮೂರಿನ ಪಶುವೈದ್ಯರನ್ನು ಕೇಳಿದೆ. ಬೆಳಿಗ್ಗೆಯೇ ಗೊತ್ತಾಗಿದ್ದರೆ ಉಳಿಸುವ ಪ್ರಯತ್ನವನ್ನಾದರೂ ಮಾಡಬಹುದಿತ್ತು ಎಂದರು. ಅಂದಿನಿಂದ ತಂಗಿಯೂ ನಾನೂ ಮಂಡ್ಯದ ಮಾತೆತ್ತಿಲ್ಲ.

ಕಾಗದದಲ್ಲಿ ಬರೆದು ಕೈತೊಳೆದುಕೊಳ್ಳುವುದು ಮತ್ತೊಂದು ಹೇಡಿತನ, ಬಲ್ಲೆ. ಮುಂದಿನ ವಾರ ಮಳವಳ್ಳಿಗೆ ಬರುತ್ತಿದ್ದೇನೆ. ನಿಮ್ಮ ಯಜಮಾನರೂ ಅಕ್ಕಪಕ್ಕದವರೂ ಇರುವಾಗಲೇ ಹೇಳಬೇಕು— ನಿಮಗೆ ಬೈಗುಳ ಎಲ್ಲರೆದುರು ಬಿದ್ದಿತ್ತಲ್ಲ. ನನ್ನನ್ನು ಒಳಗೆ ಕರೆಯಬೇಡಿ. ಬೀದಿಯಲ್ಲೇ ನಿಂತು ಹೇಳುತ್ತೇನೆ.